ಚಪ್ಪಲಿ ಜಾರಿದ್ದು ಗೊತ್ತಾಯಿತೇ?

"ನಡೆಯುವಾಗ ಕಾಲಿಂದ ಚಪ್ಪಲಿ ಜಾರುತ್ತಾ?"

ಕಾಲಿನಲ್ಲಿ ಬಲವಿಲ್ಲ, ಜೋಮು ಹಿಡಿಯುತ್ತದೆ, ನಡೆದರೆ ವಾಲುತ್ತದೆ ಎಂದು ಬಂದವರನ್ನು ನರರೋಗ ತಜ್ಞರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಹೌದು ಎಂದರೆ ಬೆನ್ನಿಗೇ ಇನ್ನೊಂದು ಬರುತ್ತದೆ: "ಜಾರಿದ್ದು ನಿಮಗೇ ಗೊತ್ತಾಗುತ್ತಾ, ಹಿಂದೆ ಬರುವವರು ಹೇಳಬೇಕಾ?" ರೋಗಿಗೆ ಇದು ಸುಮ್ಮನೆ ಮಾತಿಗೆ ಕೇಳಿದಂತೆ ಅನ್ನಿಸಬಹುದು. ಆದರೆ ಎರಡು ಉತ್ತರಗಳ ನಡುವೆ ಬಹಳ ಅಂತರವಿದೆ. ಚಪ್ಪಲಿ ಜಾರುತ್ತಿರುವುದು ತಿಳಿಯುತ್ತದೆ, ಬೆರಳಿಂದ ಹಿಡಿದುಕೊಳ್ಳಲು ಆಗುವುದಿಲ್ಲ ಎಂದರೆ ಪಾದದ ಸ್ನಾಯುಗಳಿಗೆ ಬಲವಿಲ್ಲ. ನಾಲ್ಕು ಹೆಜ್ಜೆ ಬರಿಗಾಲಲ್ಲಿ ನಡೆದರೂ ಚಪ್ಪಲಿ ಹೋದದ್ದೇ ತಿಳಿಯಲಿಲ್ಲ ಎಂದರೆ ಪಾದದ ಸುದ್ದಿ ಮೆದುಳಿಗೆ ಮುಟ್ಟುತ್ತಿಲ್ಲ. ಮೊದಲನೆಯದು ಆಜ್ಞೆ ಕೆಳಗಿಳಿಯುವ ದಾರಿಯ ತೊಂದರೆ, ಎರಡನೆಯದು ವರದಿ ಮೇಲೇರುವ ದಾರಿಯದು. ಹವಾಯಿ ಚಪ್ಪಲಿಯ ನಾಡಿನಲ್ಲಿ ವೈದ್ಯ ವಿದ್ಯಾರ್ಥಿಗಳು ವಾರ್ಡಿನಲ್ಲೇ ಕಲಿಯುವ ಪಾಠ ಇದು.

ಇಂಥ ಪ್ರಶ್ನೆಗಳು ಇನ್ನೂ ಇವೆ. ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದು ಕಷ್ಟವೇ? ಕುಕ್ಕರುಗಾಲಲ್ಲಿ ಕೂತವರು ಏಳಬೇಕಾದರೆ ಏನನ್ನಾದರೂ ಹಿಡಿಯಬೇಕೇ? ಹಾಗಿದ್ದರೆ ಸೊಂಟ ಮತ್ತು ತೊಡೆಯ ದೊಡ್ಡ ಸ್ನಾಯುಗಳನ್ನು ನೋಡಬೇಕು. ಬೆಳಗ್ಗೆ ಮುಖ ತೊಳೆಯಲು ಕಣ್ಣು ಮುಚ್ಚಿದಾಗ ವಾಲುತ್ತೀರಾ? ರಾತ್ರಿ ದೀಪ ಹಾಕದೆ ಬಚ್ಚಲಿಗೆ ಹೋಗಲು ಹೆದರಿಕೆಯೇ? ಇದಕ್ಕೆ ಹೌದು ಎಂದರೆ ಬೆನ್ನುಹುರಿಯ ಹಿಂಭಾಗವನ್ನೋ ನರಗಳನ್ನೋ ಶಂಕಿಸಬೇಕು. ಎಲ್ಲವನ್ನೂ "ತುಂಬಾ ನಿಶ್ಶಕ್ತಿ ಡಾಕ್ಟ್ರೇ" ಎಂಬ ಒಂದೇ ಮಾತಿನಲ್ಲಿ ಹೇಳಿ, ಒಂದು ಟಾನಿಕ್ ಬರೆಸಿಕೊಂಡು ಮನೆಗೆ ಬಂದರೆ ಈ ಸುಳಿವುಗಳೆಲ್ಲ ಅಲ್ಲೇ ಕಳೆದುಹೋಗುತ್ತವೆ. ವಯಸ್ಸಾಯಿತು ಎಂದು ಮನೆಯವರೇ ತೀರ್ಮಾನಿಸಿಬಿಟ್ಟರಂತೂ ಮುಗಿಯಿತು. ಗುಣವಾಗಬಹುದಾದ ಎಷ್ಟೋ ಕಾಯಿಲೆಗಳು ಹೀಗೆ ತಿಂಗಳುಗಟ್ಟಲೆ ಕಾದು ಗುಣವಾಗದ ಹಂತ ಮುಟ್ಟುತ್ತವೆ.

ನಡಿಗೆ ನೋಡಲು ಸುಲಭ. ಅದರ ಹಿಂದೆ ದೊಡ್ಡ ಸರಂಜಾಮೇ ಇದೆ. ಮೆದುಳಿನ ಮೇಲ್ಪದರದಲ್ಲಿ ಹೊರಟ ಆಜ್ಞೆ ಬೆನ್ನುಹುರಿಯಲ್ಲಿ ಇಳಿದು ಬರುತ್ತದೆ. ಅಲ್ಲಿಂದ ಅದನ್ನು ಪಾದಕ್ಕೆ ಒಯ್ಯುವ ನರತಂತು ಒಂದೇ ಜೀವಕೋಶದ ಬಾಲ. ವಯಸ್ಕರಲ್ಲಿ ಅದರ ಉದ್ದ ಸುಮಾರು ಒಂದು ಮೀಟರ್. ಪಾದದಿಂದ ಮೇಲಕ್ಕೆ ಬರುವ ವರದಿಗೂ ಬೇರೆ ಬೇರೆ ದಾರಿಗಳಿವೆ. ಕೀಲು ಎಷ್ಟು ಮಡಿಚಿದೆ, ಸ್ನಾಯು ಎಷ್ಟು ಎಳೆದಿದೆ ಎಂಬ ಸುದ್ದಿ ದಪ್ಪ ತಂತುಗಳಲ್ಲಿ ಸೆಕೆಂಡಿಗೆ 80ರಿಂದ 120 ಮೀಟರ್ ವೇಗದಲ್ಲಿ ಓಡುತ್ತದೆ. ನೋವಿನ ಸುದ್ದಿಯಲ್ಲಿ ಒಂದು ಪಾಲು ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನಲ್ಲಿ ತೆವಳುತ್ತದೆ. ಕಾಲ್ಬೆರಳು ಹೊಸಿಲಿಗೆ ಎಡವಿದಾಗ ತಗುಲಿದ್ದು ತಕ್ಷಣ ತಿಳಿದು, ಜೀವ ಹಿಂಡುವ ನೋವು ಒಂದು ಗಳಿಗೆ ತಡೆದು ಬರುವುದು ಇದಕ್ಕೇ.

ಅಂಗಗಳ ಸ್ಥಾನವನ್ನು ತಿಳಿಸುವ ಆ ದಪ್ಪ ತಂತುಗಳು ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇಯಾನ್ ವಾಟರ್‌ಮನ್ ಅವರಿಗಿಂತ ಸ್ಪಷ್ಟ ಉದಾಹರಣೆ ವೈದ್ಯ ಸಾಹಿತ್ಯದಲ್ಲಿ ಸಿಗುವುದು ಕಷ್ಟ. ಜರ್ಸಿ ದ್ವೀಪದಲ್ಲಿ ಮಾಂಸದಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವರಿಗೆ 1971ರಲ್ಲಿ, 19ನೇ ವಯಸ್ಸಿನಲ್ಲಿ, ಒಂದು ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ಕುತ್ತಿಗೆಯಿಂದ ಕೆಳಗೆ ಸ್ಪರ್ಶವೂ ಕೈಕಾಲುಗಳ ಸ್ಥಾನದ ಅರಿವೂ ಹೊರಟುಹೋಗಿದ್ದವು. ಸ್ನಾಯುಗಳಿಗೆ ಏನೂ ಆಗಿರಲಿಲ್ಲ. ನೋವು, ಬಿಸಿ, ತಂಪು ಎಲ್ಲವೂ ತಿಳಿಯುತ್ತಿದ್ದವು. ಆದರೂ ಅವರಿಗೆ ಎದ್ದು ಕೂರಲಾಗುತ್ತಿರಲಿಲ್ಲ. ಕೈ ಎಲ್ಲಿದೆ ಎಂದು ತಿಳಿಯಲು ಕೈಯನ್ನು ನೋಡಬೇಕಿತ್ತು. ಪ್ರತಿ ಚಲನೆಯನ್ನೂ ಕಣ್ಣಿನಿಂದ ನೋಡಿ, ಮನಸ್ಸಿನಲ್ಲಿ ಲೆಕ್ಕ ಹಾಕಿ, ತಿಂಗಳುಗಟ್ಟಲೆ ಹೆಣಗಿ ಅವರು ಕೂರಲು, ನಿಲ್ಲಲು, ಕೊನೆಗೆ ನಡೆಯಲು ಕಲಿತರು. ದೀಪ ಆರಿದರೆ ನಿಂತಲ್ಲೇ ಕುಸಿಯುತ್ತಿದ್ದರು. ನರವಿಜ್ಞಾನಿ ಜೊನಾಥನ್ ಕೋಲ್ 1991ರಲ್ಲಿ ಅವರ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದರು.

ಕತ್ತಲು ಮತ್ತು ಕುಸಿತದ ನಂಟನ್ನು ಬರ್ಲಿನ್ನಿನ ವೈದ್ಯ ಮೊರಿಟ್ಜ್ ರಾಂಬರ್ಗ್ 1840ರ ದಶಕದಲ್ಲೇ ಬರೆದಿಟ್ಟಿದ್ದರು. ಅವರ ರೋಗಿಗಳಲ್ಲಿ ಹಲವರಿಗೆ ಸಿಫಿಲಿಸ್‌ನಿಂದ ಬೆನ್ನುಹುರಿಯ ಹಿಂಭಾಗ ಹಾಳಾಗಿತ್ತು. ಕಾಲು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿ ಎಂದರೆ ತೂರಾಡುತ್ತಿದ್ದರು. ಇಂದಿಗೂ ರಾಂಬರ್ಗ್ ಪರೀಕ್ಷೆ ಎಂದೇ ಕರೆಯುವ ಇದಕ್ಕೆ ಬೇಕಾದದ್ದು ಒಂದಿಷ್ಟು ನೆಲ, ಬೀಳದಂತೆ ಹಿಡಿಯಲು ಪಕ್ಕದಲ್ಲಿ ಒಬ್ಬರು, ಅಷ್ಟೇ. ಕಣ್ಣು ತೆರೆದಾಗ ಸರಿಯಾಗಿ ನಿಂತು, ಮುಚ್ಚಿದಾಗ ಬಿದ್ದರೆ ಸ್ಥಾನದ ಅರಿವು ಕೆಟ್ಟಿದೆ. ಕಣ್ಣು ತೆರೆದಿದ್ದಾಗಲೂ ಕಾಲು ಅಗಲಿಸದೆ ನಿಲ್ಲಲಾಗದಿದ್ದರೆ ಮೆದುಳಿನ ಹಿಂಭಾಗದ ಕಿರುಮೆದುಳಿನತ್ತ ಗಮನ ಹರಿಯುತ್ತದೆ. ವರ್ಷಾನುಗಟ್ಟಲೆ ಹೆಂಡ ಕುಡಿದವರ ನಡಿಗೆ ಕುಡಿಯದ ದಿನವೂ ಅಡ್ಡಾದಿಡ್ಡಿಯಾಗುವುದು ಈ ಕಿರುಮೆದುಳು ಸವೆದಿರುವುದರಿಂದ.

ಸಿಫಿಲಿಸ್ ಬೆನ್ನುಹುರಿಯನ್ನು ಕೆಡಿಸುವ ಹಂತ ಮುಟ್ಟುವುದು ಈಗ ಅಪರೂಪ. ಇಂದು ನಮ್ಮಲ್ಲಿ ಬೆನ್ನುಹುರಿಯ ಅದೇ ಭಾಗವನ್ನು ಹಾಳುಮಾಡುವುದರಲ್ಲಿ ಮುಖ್ಯವಾದದ್ದು ಒಂದು ಕೊರತೆ: ವಿಟಮಿನ್ ಬಿ12. ಇದರ ಬಗ್ಗೆ ತುಸು ನಿಂತು ಹೇಳಲೇಬೇಕು. ಇದಕ್ಕೆ ಮದ್ದು ಅಗ್ಗ, ತಡಮಾಡಿದ್ದಕ್ಕೆ ತೆರುವ ಬೆಲೆ ಮಾತ್ರ ದುಬಾರಿ.

ನರತಂತುವಿನ ಸುತ್ತ ವಿದ್ಯುತ್ ತಂತಿಯ ಪ್ಲಾಸ್ಟಿಕ್ ಹೊದಿಕೆಯಂತೆ ಮೈಲಿನ್ ಎಂಬ ಕೊಬ್ಬಿನ ಪದರ ಇರುತ್ತದೆ. ಅದನ್ನು ಕಟ್ಟಲು, ದುರಸ್ತಿ ಮಾಡಲು ಬಿ12 ಬೇಕು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು ಎರಡು ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಎರಡು ಪಾಲು. ಸೊಪ್ಪು, ಬೇಳೆ, ರಾಗಿ, ಹಣ್ಣು ಯಾವುದರಲ್ಲೂ ಅದು ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಸಸ್ಯಾಹಾರಿಗಳು ಹಾಲು ಮೊಸರನ್ನೂ ಅಳತೆಯಲ್ಲೇ ಬಳಸಿದರೆ ಕೊರತೆ ಬರುತ್ತದೆ. ಯಕೃತ್ತಿನಲ್ಲಿ ವರ್ಷಗಳಿಗೆ ಸಾಲುವಷ್ಟು ದಾಸ್ತಾನು ಇರುವುದರಿಂದ ಅದು ತಕ್ಷಣ ಕಾಣಿಸಿಕೊಳ್ಳುವುದೂ ಇಲ್ಲ. ಮಾಂಸ ತಿನ್ನುವವರಿಗೂ ಬರಬಹುದು: ಜಠರದಲ್ಲಿ ಅದನ್ನು ಹಿಡಿದುಕೊಡುವ ಪ್ರೋಟೀನು ಇಲ್ಲದಿದ್ದರೆ ತಿಂದದ್ದು ಒಳಸೇರುವುದಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನೋ ಆಸಿಡಿಟಿ ಮಾತ್ರೆಯನ್ನೋ ವರ್ಷಗಟ್ಟಲೆ ನುಂಗಿದವರಲ್ಲೂ ಇದು ಇಳಿಯುತ್ತದೆ.

ಶುರುವಾಗುವುದು ಎರಡೂ ಪಾದಗಳಲ್ಲಿ ಜುಮುಜುಮು ಎನ್ನುವುದರಿಂದ. ಆಮೇಲೆ ನೆಲ ಹತ್ತಿಯ ಮೇಲೆ ನಡೆದಂತೆ ಅನ್ನಿಸುತ್ತದೆ. ಕತ್ತಲಲ್ಲಿ ವಾಲುತ್ತದೆ. ಬೆನ್ನುಹುರಿಯ ಹಿಂಭಾಗದ ಜೊತೆಗೆ ಪಕ್ಕದಲ್ಲಿ ಇಳಿಯುವ ಆಜ್ಞೆಯ ದಾರಿಯೂ ಕೆಡುವುದರಿಂದ ಕಾಲುಗಳು ಸೆಟೆದು ಬಲಗುಂದುತ್ತವೆ. ಎರಡೂ ದಾರಿ ಒಟ್ಟಿಗೆ ಕೆಡುವ ಈ ಸ್ಥಿತಿಯನ್ನು 1900ರಲ್ಲಿ ಲಂಡನ್ನಿನ ರಸೆಲ್, ಬ್ಯಾಟನ್ ಮತ್ತು ಕೋಲಿಯರ್ ಎಂಬ ವೈದ್ಯರು ವಿವರವಾಗಿ ಬರೆದರು. ಆಗ ಅದಕ್ಕೆ ಮದ್ದೇ ಇರಲಿಲ್ಲ. 1926ರಲ್ಲಿ ಬಾಸ್ಟನ್ನಿನ ಮೈನಟ್ ಮತ್ತು ಮರ್ಫಿ ಇದರ ಜೊತೆಗಾರನಾದ ಮಾರಕ ರಕ್ತಹೀನತೆಗೆ ದಿನವೂ 120ರಿಂದ 240 ಗ್ರಾಂ ಬೇಯಿಸಿದ ಯಕೃತ್ತನ್ನು ತಿನ್ನಿಸಿ ಗೆದ್ದರು. ಆ ಯಕೃತ್ತಿನೊಳಗಿನ ಬಿ12 ಕೆಂಪು ಹರಳಾಗಿ ಕೈಗೆ ಸಿಕ್ಕಿದ್ದು 1948ರಲ್ಲಿ. ಅದರ ರಚನೆಯನ್ನು ಎಕ್ಸ್‌ರೇ ಮೂಲಕ ಬಿಡಿಸಿದ ಡೊರೊಥಿ ಹಾಡ್ಜ್‌ಕಿನ್‌ಗೆ 1964ರಲ್ಲಿ ನೊಬೆಲ್ ಬಂತು.

ಇಲ್ಲೊಂದು ಮೋಸವಿದೆ. ಬಿ12 ಕೊರತೆಯಿಂದ ರಕ್ತ ಇಳಿದವರಿಗೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ಹಿಮೋಗ್ಲೋಬಿನ್ ಏರುತ್ತದೆ, ಮುಖದಲ್ಲಿ ಕಳೆ ಬರುತ್ತದೆ. ನರದ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ರಕ್ತ ಚೆನ್ನಾಗಿದ್ದೇ ನರ ಕೆಡುವವರೂ ಇದ್ದಾರೆ. ಇನ್ನೊಂದು ಅಪಾಯ ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲ. ಅದು ದೇಹದಲ್ಲಿರುವ ಬಿ12ನ್ನು ನಿಷ್ಕ್ರಿಯಗೊಳಿಸುತ್ತದೆ. ಅರಿವಳಿಕೆಗೆ ಅದನ್ನು ಬಳಸಿದ ಶಸ್ತ್ರಚಿಕಿತ್ಸೆಯ ಕೆಲವು ವಾರಗಳ ನಂತರ, ಮೊದಲೇ ದಾಸ್ತಾನು ಕಡಿಮೆಯಿದ್ದವರ ಕಾಲು ಸೋತ ಪ್ರಕರಣಗಳಿವೆ. ಯುರೋಪಿನ ಹುಡುಗರು ಬಲೂನಿನಲ್ಲಿ ತುಂಬಿಕೊಂಡು ಮೋಜಿಗೆ ಸೇದಿ ಗಾಲಿಕುರ್ಚಿ ಸೇರತೊಡಗಿದ ಮೇಲೆ 2023ರಲ್ಲಿ ನೆದರ್ಲೆಂಡ್ಸ್ ಮತ್ತು ಬ್ರಿಟನ್ ಎರಡೂ ಅದಕ್ಕೆ ಕಡಿವಾಣ ಹಾಕಿದವು. ಬಿ12 ಕೊರತೆಗೆ ಚಿಕಿತ್ಸೆ ಅದರದೇ ಇಂಜೆಕ್ಷನ್, ಬೇಗ ಶುರುವಾದರೆ ಬಹುಪಾಲು ಚೇತರಿಕೆ ಸಾಧ್ಯ.

ಪಾದದಲ್ಲಿ ಮೊದಲಾಗುವ ಜೋಮಿಗೆ ಸಕ್ಕರೆ ಕಾಯಿಲೆ ಇನ್ನೂ ಸಾಮಾನ್ಯವಾದ ಕಾರಣ. ಉದ್ದದ ತಂತುಗಳೇ ಮೊದಲು ಸೋಲುವುದರಿಂದ ಅದು ಬೆರಳ ತುದಿಯಿಂದ ಕಾಲುಚೀಲ ತೊಟ್ಟಂತೆ ಮೇಲೇರುತ್ತದೆ. ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳಲ್ಲೂ ಶುರು. ಉರಿ ಇದ್ದರೆ ರೋಗಿ ವೈದ್ಯರ ಬಳಿ ಓಡುತ್ತಾರೆ. ಏನೂ ತಿಳಿಯದಂತಾದರೆ ಸುಮ್ಮನಿರುತ್ತಾರೆ, ಮತ್ತು ಅಪಾಯ ಹೆಚ್ಚಿರುವುದು ಅಲ್ಲೇ: ಚುಚ್ಚಿದ ಮುಳ್ಳು ವಾರದ ನಂತರ ಕೀವಾದಾಗ ಕಾಣುತ್ತದೆ.

ಒಂದೇ ಕಾಲಿನ ಪಾದ ಮಾತ್ರ ಜೋತುಬಿದ್ದು, ಹೆಜ್ಜೆ ಇಟ್ಟಾಗ ಪಟಪಟನೆ ಸದ್ದಾಗುತ್ತಿದ್ದರೆ ಕಥೆ ಬೇರೆ. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಬೆರಳಿಗೆ ಸಿಗುವ ಮೂಳೆಯ ಗುಬುಟೊಂದಿದೆ. ಪಾದವನ್ನು ಮೇಲೆತ್ತಿಸುವ ನರ ಅದರ ಕುತ್ತಿಗೆಯನ್ನು ಬಳಸಿ, ಚರ್ಮದ ಅಡಿಯಲ್ಲೇ, ಯಾವ ರಕ್ಷಣೆಯೂ ಇಲ್ಲದೆ ಹೋಗುತ್ತದೆ. ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತವರಲ್ಲಿ, ಕೊಯ್ಲು ಮಾಡಿದವರಲ್ಲಿ ಆ ನರ ಅದುಮಿಕೊಂಡು ಪಾದ ಬಿದ್ದುಹೋಗುತ್ತದೆ. ಹೆಚ್ಚಿನವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿ ಸರಿಹೋಗುತ್ತದೆ. ಆದರೆ ಅದೇ ಜಾಗದಲ್ಲಿ ನರ ಹಗ್ಗದಂತೆ ದಪ್ಪಗಾಗಿ ಕೈಗೆ ಸಿಕ್ಕರೆ, ಚರ್ಮದಲ್ಲಿ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ, ಅದು ಕುಷ್ಠ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಗುಣವೂ ಆಗುತ್ತದೆ. ಮುಚ್ಚಿಡುವ ಕಾರಣವೇ ಇಲ್ಲ.

ಕಾಲಿನ ತೊಂದರೆ ಎಂದರೆ ಸೊಂಟದ ಎಂಆರ್‌ಐ ಮಾಡಿಸುವುದು ಈಗ ರೂಢಿಯಾಗಿದೆ. ಐವತ್ತು ದಾಟಿದ ಯಾರ ಸೊಂಟದಲ್ಲೂ ಡಿಸ್ಕ್ ಸ್ವಲ್ಪ ಉಬ್ಬಿರುವುದು ಸಾಮಾನ್ಯ. ರಿಪೋರ್ಟಿನಲ್ಲಿ ಅದು ಬರುತ್ತದೆ, ದೋಷವೆಲ್ಲ ಅದರ ತಲೆಗೆ ಕಟ್ಟುತ್ತಾರೆ. ಆದರೆ ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಕಶೇರುವಿನ ಮಟ್ಟದಲ್ಲೇ ಮುಗಿದುಬಿಡುತ್ತದೆ. ಕೆಳಗಿರುವುದು ನರಗಳ ಗೊಂಚಲು ಮಾತ್ರ. ಕಾಲುಗಳು ಸೆಟೆದು ಬಿಗಿಯಾಗಿವೆ, ಮೊಣಕಾಲು ತಟ್ಟಿದರೆ ಕಾಲು ಜೋರಾಗಿ ಚಿಮ್ಮುತ್ತದೆ, ಅಂಗಿಯ ಗುಂಡಿ ಹಾಕಲೂ ಬೆರಳು ತಡವರಿಸುತ್ತದೆ ಎಂದರೆ ಒತ್ತಡ ಇರುವುದು ಕುತ್ತಿಗೆಯಲ್ಲಿ. ಅಲ್ಲಿ ನೋವೇ ಇಲ್ಲದಿರಬಹುದು. ಸೊಂಟದ ಚಿತ್ರವನ್ನು ಎಷ್ಟು ಸಲ ತೆಗೆಸಿದರೂ ಅದು ಸಿಗುವುದಿಲ್ಲ.

ಸೊಂಟದಲ್ಲಿ ಆ ನರಗಳ ಗೊಂಚಲು ಹಾಯುವ ಮೂಳೆಯ ಕಾಲುವೆ ಕಿರಿದಾದಾಗ ಆಗುವುದೇ ಬೇರೆ. ನಿಂತರೆ, ನಡೆದರೆ ಕಾಲು ಭಾರವಾಗಿ ಜೋಮು ಹಿಡಿಯುತ್ತದೆ. ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಹಾಯೆನಿಸುತ್ತದೆ. ಡಚ್ ಶಸ್ತ್ರವೈದ್ಯ ಹೆಂಕ್ ವರ್ಬೀಸ್ಟ್ 1954ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಇನ್ನೂರು ಮೀಟರ್ ನಡೆಯಲಾಗದವರು ಸೈಕಲ್ಲನ್ನು ಆರಾಮವಾಗಿ ತುಳಿಯುತ್ತಾರೆ, ಏಕೆಂದರೆ ಹ್ಯಾಂಡಲ್ ಮೇಲೆ ಬಾಗಿದಾಗ ಕಾಲುವೆ ತುಸು ಅಗಲವಾಗುತ್ತದೆ. ರಕ್ತನಾಳ ಕಟ್ಟಿದವರಿಗೂ ನಡೆದರೆ ಕಾಲು ನೋಯುತ್ತದೆ, ಆದರೆ ಅವರಿಗೆ ಬಾಗಬೇಕಿಲ್ಲ, ನಿಂತರೆ ಸಾಕು.

ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಾಗ ನಮ್ಮ ದೇಶದಲ್ಲಿ ಮರೆಯಬಾರದ ಎರಡು ಕಾರಣಗಳಿವೆ. ಒಂದು ಬೆನ್ನುಮೂಳೆಯ ಕ್ಷಯ. ಬೆನ್ನು ಗೂನಾಗಿ ಕಾಲು ಸೋಲುವುದನ್ನು ಲಂಡನ್ನಿನ ಪರ್ಸಿವಲ್ ಪಾಟ್ 1779ರಲ್ಲಿ ವರ್ಣಿಸಿದರು, ಕ್ಷಯದ ರೋಗಾಣುವನ್ನು ಕಾಕ್ ಕಂಡುಹಿಡಿಯುವ ನೂರು ವರ್ಷ ಮೊದಲು. ತಿಂಗಳುಗಳಿಂದ ಬೆನ್ನುನೋವು, ಸಂಜೆ ಜ್ವರ, ತೂಕ ಇಳಿತ ಇದ್ದು ಕಾಲು ಬಲಗುಂದಿದರೆ ಇದನ್ನು ನೋಡಲೇಬೇಕು. ಇನ್ನೊಂದು ಫ್ಲೋರೈಡ್. ಕೋಲಾರ, ಪಾವಗಡದಂಥ ಕಡೆ ಆಳದ ಕೊಳವೆಬಾವಿಯ ನೀರನ್ನು ದಶಕಗಟ್ಟಲೆ ಕುಡಿದವರ ಹಲ್ಲು ಕಂದುವುದು ಎಲ್ಲರಿಗೂ ಕಾಣುತ್ತದೆ. ಕಾಣದ್ದು ಒಳಗೆ ದಪ್ಪಗಾಗುವ ಮೂಳೆ. ಕಶೇರುಗಳ ನಡುವಿನ ಕಾಲುವೆ ಮುಚ್ಚುತ್ತಾ ಬಂದು ಕೊನೆಗೆ ಬೆನ್ನುಹುರಿಯನ್ನೇ ಒತ್ತುತ್ತದೆ. ಭಾರತದಲ್ಲಿ ಮೂಳೆಯ ಈ ಫ್ಲೋರೋಸಿಸ್ ಮೊದಲು ವರದಿಯಾದದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ.

ಊಟವೂ ಕಾಲು ಕಸಿಯಬಲ್ಲದು. ಮಧ್ಯ ಭಾರತದ ಸಾಗರ್ ಸೀಮೆಯಲ್ಲಿ 1829ರ ನಂತರದ ವರ್ಷಗಳಲ್ಲಿ ಗೋಧಿ ಕೈಕೊಟ್ಟಾಗ ಜನ ಬರಕ್ಕೂ ಬಗ್ಗದ ಕೇಸರಿ ಬೇಳೆಯನ್ನೇ ತಿಂದು ಬದುಕಿದರು. ಸ್ವಲ್ಪ ಕಾಲದಲ್ಲೇ ಗಟ್ಟಿಮುಟ್ಟಾದ ಯುವಕರ ಕಾಲುಗಳು ಸೆಟೆದು ಕತ್ತರಿಯಾದವು. ಬ್ರಿಟಿಷ್ ಅಧಿಕಾರಿ ಸ್ಲೀಮನ್ 1844ರ ತನ್ನ ಪುಸ್ತಕದಲ್ಲಿ ಇದನ್ನು ದಾಖಲಿಸಿದ. ಆ ಬೇಳೆಯ ವಿಷವನ್ನು ಬೇರ್ಪಡಿಸಿ ಗುರುತಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ: ರಾವ್, ಅಡಿಗ, ಶರ್ಮ ಎಂಬ ಮೂವರು ಜೀವರಸಾಯನ ವಿಜ್ಞಾನಿಗಳ ಪ್ರಬಂಧ 1964ರಲ್ಲಿ ಪ್ರಕಟವಾಯಿತು. ಹೀಗೆ ಹೋದ ಕಾಲು ಮರಳುವುದಿಲ್ಲ.

ಇಲ್ಲಿಯವರೆಗಿನ ಹೆಚ್ಚಿನವು ತಿಂಗಳು, ವರ್ಷಗಳಲ್ಲಿ ಬರುವಂಥವು. ದಿನಗಳಲ್ಲಿ ಬರುವುದು ಗೀಲನ್-ಬಾರೆ ಎಂಬ ನರದ ಕಾಯಿಲೆ. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಇಬ್ಬರು ಫ್ರೆಂಚ್ ಸೈನಿಕರು ಕೈಕಾಲು ಸೋತು ಆಸ್ಪತ್ರೆ ಸೇರಿದ್ದರು. ಗೀಲನ್, ಬಾರೆ ಮತ್ತು ಸ್ಟ್ರೋಲ್ ಎಂಬ ವೈದ್ಯರು ಆ ಸೈನಿಕರ ಬೆನ್ನುನೀರನ್ನು ತೆಗೆದು ನೋಡಿದರೆ ಪ್ರೋಟೀನು ಏರಿತ್ತು, ಸೋಂಕಿದ್ದರೆ ಇರಬೇಕಾದ ಜೀವಕೋಶಗಳು ಇರಲಿಲ್ಲ. ಹೆಚ್ಚಾಗಿ ಭೇದಿಯೋ ಶೀತಜ್ವರವೋ ಆಗಿ ಒಂದೆರಡು ವಾರಕ್ಕೆ ಇದು ಶುರುವಾಗುತ್ತದೆ. ಭೇದಿ ತರುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಮೈಮೇಲಿನ ಸಕ್ಕರೆಯ ಕಣಗಳು ನಮ್ಮ ನರದ ಮೇಲಿನ ಕಣಗಳನ್ನೇ ಹೋಲುತ್ತವೆ. ಅದರ ವಿರುದ್ಧ ಎದ್ದ ರೋಗನಿರೋಧಕ ಸೈನ್ಯ ತನ್ನದೇ ನರಗಳ ಮೇಲೆ ಬೀಳುತ್ತದೆ. ಪಾದದಲ್ಲಿ ಮೊದಲಾದ ಸೋಲು ತೊಡೆಗೆ, ಕೈಗೆ, ಕೆಲವರಲ್ಲಿ ಉಸಿರಾಟದ ಸ್ನಾಯುಗಳಿಗೂ ಏರುತ್ತದೆ.

ಲಕ್ಷದಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬರುವ ಈ ಕಾಯಿಲೆ 2025ರ ಜನವರಿ-ಫೆಬ್ರವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ ಇನ್ನೂರಕ್ಕೂ ಹೆಚ್ಚು ಶಂಕಿತರನ್ನು ಹಿಡಿಯಿತು. ಶಂಕೆ ಕೆಟ್ಟ ಕುಡಿಯುವ ನೀರಿನತ್ತ ತಿರುಗಿತು. ಇಂಥವರನ್ನು ವಾರ್ಡಿನಲ್ಲಿ ವೈದ್ಯರು ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಲು ಹೇಳುತ್ತಾರೆ. ಬೆಳಗ್ಗೆ ಮೂವತ್ತರ ತನಕ ಎಣಿಸಿದವರು ಸಂಜೆ ಹದಿನೈದಕ್ಕೆ ನಿಂತರೆ ಐಸಿಯುಗೆ ಸಾಗಿಸುವ ಹೊತ್ತಾಯಿತು. ಇಮ್ಯುನೋಗ್ಲಾಬ್ಯುಲಿನ್ ಡ್ರಿಪ್ ಅಥವಾ ಪ್ಲಾಸ್ಮಾ ಬದಲಾವಣೆ ಕೆಲಸ ಮಾಡುತ್ತದೆ, ಸ್ಟೀರಾಯ್ಡ್ ಮಾಡುವುದಿಲ್ಲ. ಹೆಚ್ಚಿನವರು ತಿಂಗಳುಗಳಲ್ಲಿ ಮತ್ತೆ ನಡೆಯುತ್ತಾರೆ.

ಗಂಟೆಗಳ ಲೆಕ್ಕದಲ್ಲಿ ಓಡಬೇಕಾದ ಸಂದರ್ಭಗಳೂ ಇವೆ. ಒಂದು ಬದಿಯ ಕೈಕಾಲು ಇದ್ದಕ್ಕಿದ್ದಂತೆ ಸೋತು ಮಾತು ತೊದಲಿದರೆ ಅದು ಪಾರ್ಶ್ವವಾಯು. ಎರಡೂ ಕಾಲು ಬಲಗುಂದಿ, ಸೈಕಲ್ ಸೀಟು ತಾಗುವ ಜಾಗವೆಲ್ಲ ಮರಗಟ್ಟಿ, ಮೂತ್ರ ಕಟ್ಟಿದರೆ ಸೊಂಟದ ಕೆಳಗಿನ ನರಗಳ ಗೊಂಚಲಿನ ಮೇಲೆ ಒತ್ತಡ ಬಿದ್ದಿದೆ ಎಂದರ್ಥ. ನಾಚಿಕೆಯಿಂದ ಇದನ್ನು ಹೇಳದೆ ಉಳಿದವರು ಬದುಕಿಡೀ ಮೂತ್ರದ ನಳಿಗೆ ಇಟ್ಟುಕೊಂಡ ನಿದರ್ಶನಗಳಿವೆ. ಬರೀ ಕಾಲುನೋವು ಎಂದು ಹೇಳಿ ಸುಮ್ಮನಾಗಬಾರದು, ಮೂತ್ರದ ವಿಷಯವನ್ನು ಕೇಳದಿದ್ದರೂ ಹೇಳಬೇಕು.

ಇನ್ನು ಹಿರಿಯರ ನಡಿಗೆ. ಪಾದ ನೆಲಕ್ಕೆ ಅಂಟಿದಂತೆ, ಎತ್ತಲಾಗದೆ ಜರುಗಿಸಿ ಜರುಗಿಸಿ ನಡೆಯುವುದು, ಜೊತೆಗೆ ಮರೆವು, ಮೂತ್ರ ತಡೆಯಲಾಗದಿರುವುದು: ಈ ಮೂರೂ ಸೇರಿದರೆ ಮನೆಯವರು ಇದು ಮುಪ್ಪು ಎಂದು ಒಪ್ಪಿಕೊಂಡುಬಿಡುತ್ತಾರೆ. ಮೆದುಳಿನ ಕೋಣೆಗಳಲ್ಲಿ ನೀರು ತುಂಬಿದಾಗಲೂ ಹೀಗಾಗಬಹುದು. ಕೊಲಂಬಿಯಾದ ಬೊಗೋಟದಲ್ಲಿ ಸಾಲೊಮೋನ್ ಹಕೀಮ್ ಎಂಬ ಶಸ್ತ್ರವೈದ್ಯ 1957ರಲ್ಲಿ, ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಪ್ರಜ್ಞೆ ಮಂಕಾಗಿದ್ದ 16 ವರ್ಷದ ಹುಡುಗನನ್ನು ನೋಡುತ್ತಿದ್ದರು. ಮೆದುಳಿನ ಕೋಣೆಗಳಲ್ಲಿ ನೀರು ತುಂಬಿತ್ತು, ಒತ್ತಡ ಅಳೆದರೆ ಸಹಜವಾಗಿತ್ತು. ಪರೀಕ್ಷೆಗೆಂದು ಬೆನ್ನಿಂದ 15 ಮಿಲಿಲೀಟರ್ ನೀರು ತೆಗೆದರು. ಮರುದಿನ ಹುಡುಗ ಮಾತಾಡಿದ. ರೇಮಂಡ್ ಆಡಮ್ಸ್ ಜೊತೆ ಹಕೀಮ್ 1965ರಲ್ಲಿ ಇದನ್ನು ಪ್ರಕಟಿಸಿದರು, ಮತ್ತು ಅಂಥ ಹಿರಿಯರನ್ನು ಹುಡುಕುವ ವಿಧಾನ ಇಂದಿಗೂ ಅದೇ ಜಾಡಿನಲ್ಲಿದೆ. ಮೊದಲು ಕಾರಿಡಾರಿನಲ್ಲಿ ಕೆಲವು ಮೀಟರ್ ನಡೆಸಿ ಸಮಯ ಗುರುತು ಹಾಕಿಕೊಳ್ಳುತ್ತಾರೆ. ಸೊಂಟದಿಂದ 30ರಿಂದ 50 ಮಿಲಿಲೀಟರ್ ಬೆನ್ನುನೀರು ತೆಗೆಯುತ್ತಾರೆ. ಕೆಲವು ಗಂಟೆ ಬಿಟ್ಟು ಅಷ್ಟೇ ದೂರ ಮತ್ತೆ ನಡೆಸುತ್ತಾರೆ. ಹೆಜ್ಜೆ ಉದ್ದವಾಗಿ, ಹಿಡಿದ ಸಮಯ ಕಡಿಮೆಯಾದರೆ ಆ ನೀರನ್ನು ಹೊಟ್ಟೆಗೆ ಹರಿಸುವ ಶಂಟ್ ಎಂಬ ಕೊಳವೆಯನ್ನು ಕೂರಿಸುವುದರಿಂದ ಪ್ರಯೋಜನವಾಗುವ ಸಂಭವ ಹೆಚ್ಚು. ಮೂರು ತೊಂದರೆಗಳಲ್ಲಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವುದು ನಡಿಗೆ. ಮರೆವು ಬಹುಕಾಲ ಉಳಿದಿದ್ದರೆ ಅಷ್ಟಾಗಿ ಬಗ್ಗುವುದಿಲ್ಲ.